ಕಿತ್ತಳೆ ಗಿಡದಲ್ಲಿ ನಿಂಬೆಗಿಂತ ಹುಳಿ ಹಣ್ಣು! ಎಲೆಯೂ ಹಳದಿ. ಏನಾಗಿದೆ?

ಬೋಗಾದಿ_ಹಿತ್ತಲು, ಜನವರಿ 11

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಈಗ ನನಗೇ ಒಂದು ತಲೆನೋವು ಶುರುವಾಗಿದೆ.

ನಮ್ಮದು ಮೈಸೂರು, ಬೋಗಾದಿ ಕಡೆ. ಒಂಬತ್ತು ವರ್ಷದ ಹಿಂದೆ ನಮ್ಮ ಮಾವನವರು ಮಡಿಕೇರಿಗೆ ಒಂದು ಮದುವೆಗೆ ಹೋಗಿದ್ದರು. ಬರುವಾಗ ಕಿತ್ತಳೆ ಕಸಿ ಗಿಡವನ್ನು ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದರು. ನಾಲ್ಕನೇ ವರ್ಷ ಹನ್ನೊಂದು ಹಣ್ಣು ಬಿಟ್ಟಿತ್ತು. ಎಣಿಸಿ ಎಣಿಸಿ ತಿಂದಿದ್ದೆವು. ಸಡಿಲ ಸಿಪ್ಪೆ, ಅರ್ಧ ಹಸಿರು ಅರ್ಧ ಹಳದಿ, ಸುಲಿದರೆ ಪಕ್ಕದ ಮನೆಯವರೆಗೂ ವಾಸನೆ. ಆಮೇಲೆ ಮಾವ ತೀರಿಕೊಂಡರು. ಮನೆಯ ಗಾರೆ ಕೆಲಸ, ಬಣ್ಣ, ಕಾಂಪೌಂಡು ಅಂತ ಎರಡು ಮೂರು ವರ್ಷ ಗಿಡದ ಕಡೆ ಯಾರೂ ಸರಿಯಾಗಿ ತಿರುಗಿ ನೋಡಲಿಲ್ಲ.

ಈಗ ಗಿಡ ಹತ್ತು ಅಡಿ ದಾಟಿದೆ. ಈ ಸಲ ನಲವತ್ತಕ್ಕೂ ಜಾಸ್ತಿ ಹಣ್ಣು. ನೋಡೋಕೆ ಕಿತ್ತಳೆಯೇ. ಹೊರಗೂ ಕೇಸರಿ, ಒಳಗೂ ಕೇಸರಿ, ಸಿಪ್ಪೆ ಸಲೀಸಾಗಿ ಬಿಡುತ್ತದೆ. ಬಾಯಿಗಿಟ್ಟರೆ ಒಂದು ಕಣ್ಣು ತಾನಾಗಿ ಮುಚ್ಚಿಕೊಳ್ಳುವಷ್ಟು ಹುಳಿ. ಇನ್ನೂ ಹಣ್ಣಾಗಿಲ್ಲವೇನೋ ಅಂತ ಒಂದು ತಿಂಗಳು ಗಿಡದಲ್ಲೇ ಬಿಟ್ಟೆ. ಕಿತ್ತು ಅಕ್ಕಿ ಡಬ್ಬದಲ್ಲಿ ಹತ್ತು ದಿನ ಇಟ್ಟೆ. ಏನೂ ಬದಲಾಗಲಿಲ್ಲ.

ಇನ್ನೊಂದು ವಿಷಯ. ಒಂದು ಪಕ್ಕದ ಕೊಂಬೆಯಲ್ಲಿ ಮಾತ್ರ ಎಲೆ ಹಳದಿ, ನರ ಹಸಿರು, ತುದಿ ಸುಟ್ಟ ಹಾಗಿದೆ. ಆ ಕೊಂಬೆಯಲ್ಲಿ ಹಣ್ಣೇ ಇಲ್ಲ. ಹಣ್ಣು ಬಿಟ್ಟ ಕಡೆ ಎಲೆ ಮಿರಮಿರ ಅನ್ನುತ್ತಿದೆ. ದಿನಾ ನೀರು ಹಾಕುತ್ತೇನೆ. ವರ್ಷಕ್ಕೊಮ್ಮೆ ಕೊಟ್ಟಿಗೆ ಗೊಬ್ಬರ. ಬುಡದ ಸುತ್ತ ಚೆಂದದ ಕಟ್ಟೆಯೂ ಇದೆ. ಏನು ಕಮ್ಮಿ ಮಾಡಿದ್ದೇನೆ?

ಮಹಡಿ_ಮೇಷ್ಟ್ರು, ಜನವರಿ 11

ಹುಳಿ ಅಂದರೆ ಪೊಟ್ಯಾಷ್ ಕೊರತೆ ತಾಯಿ. ಬಾಳೆಹಣ್ಣಿನ ಸಿಪ್ಪೆ ಮೂರು ದಿನ ನೆನೆಸಿ ಆ ನೀರು ಹಾಕಿ. ಎಲೆ ಹಳದಿಗೆ ಹುಳಿ ಮಜ್ಜಿಗೆ. ಬುಡದಲ್ಲಿ ನಾಲ್ಕು ತುಕ್ಕು ಹಿಡಿದ ಮೊಳೆ ಹೂತರೆ ಕಬ್ಬಿಣವೂ ಸಿಗುತ್ತದೆ. ನನ್ನ ಜಯನಗರದ ಮಹಡಿಯಲ್ಲಿ ಇಪ್ಪತ್ತು ವರ್ಷದಿಂದ ಇದೇ ಮಾಡುತ್ತಿದ್ದೇನೆ.

ಕಾಫಿತೋಟ_ಸಿದ್ದಾಪುರ, ಜನವರಿ 11

ಮೇಷ್ಟ್ರೇ, ಸ್ವಲ್ಪ ತಾಳಿ. ಮೊದಲು ಅದು ಕಿತ್ತಳೆಯೋ ಅಲ್ಲವೋ ನೋಡೋಣ.

ಬೋಗಾದಿ ಅಕ್ಕ, ಕಿತ್ತಳೆ, ನಿಂಬೆ ಜಾತಿ ಹಣ್ಣು ಕಿತ್ತ ಮೇಲೆ ಸಿಹಿ ಆಗುವುದಿಲ್ಲ. ಮಾವು, ಬಾಳೆ ಬೇರೆ. ಅವಕ್ಕೆ ಹುಲ್ಲು, ಅಕ್ಕಿ ಡಬ್ಬ ಎಲ್ಲ ಸರಿ. ಕಿತ್ತಳೆಗೆ ಗಿಡದಲ್ಲಿ ಎಷ್ಟು ಸಿಹಿ ಬಂತೋ ಅಷ್ಟೇ.

ನಾಳೆ ಬೆಳಿಗ್ಗೆ ಮೂರು ಕೆಲಸ ಮಾಡಿ. ಹಣ್ಣು ಬಿಟ್ಟ ಕೊಂಬೆಯ ಒಂದು ಎಲೆ, ಹಳದಿ ಕೊಂಬೆಯ ಒಂದು ಎಲೆ ಕಿತ್ತು ಬೇರೆ ಬೇರೆ ಕೈಯಲ್ಲಿ ಹಿಸುಕಿ ಮೂಸಿ ನೋಡಿ. ಒಂದೇ ವಾಸನೆಯೋ ಬೇರೆಯೋ ಹೇಳಿ. ಎರಡನೆಯದು, ಎಲ್ಲಾದರೂ ಮೊಗ್ಗು ಇದ್ದರೆ ಬಣ್ಣ ನೋಡಿ. ಮೂರನೆಯದು, ಕಸಿ ಕಟ್ಟಿದ ಗಂಟು ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ಹುಡುಕಿ. ಆಮೇಲೆ ಮಾತಾಡೋಣ.

ಮತ್ತೆ ದಿನಾ ಹಾಕುವ ನೀರು ಯಾವುದು? ಕಾವೇರಿ ನೀರೋ ಬೋರ್‌ವೆಲ್ಲೋ?

ಹೊಸಗಿಡ_ಹುಬ್ಬಳ್ಳಿ, ಜನವರಿ 12

ನಡುವೆ ನನ್ನದೊಂದು. ಬಾಲ್ಕನಿಗೆ ಅಂತ 350 ರೂಪಾಯಿ ಕೊಟ್ಟು ಕಿತ್ತಳೆ ಗಿಡ ತಂದೆ. ಒಂದೂವರೆ ಅಡಿ ಗಿಡ, ಮೈತುಂಬಾ ಗೋಲಿ ಗಾತ್ರದ ಕೇಸರಿ ಹಣ್ಣು. ಇದೂ ಹುಳಿ! ಮನೆಯವಳು ನಗುತ್ತಿದ್ದಾಳೆ. ನನ್ನದೂ ಅಕ್ಕನ ಗಿಡದ ಕೇಸೇನಾ?

ಮಹಡಿ_ಮೇಷ್ಟ್ರು, ಜನವರಿ 12

ಅದು ಬೇರೆ. ನಿಮ್ಮದು ಚೈನಾ ಕಿತ್ತಳೆ. ಕ್ಯಾಲಮಾಂಡಿನ್ ಅಂತ ಹೆಸರು. ಅದು ಹುಟ್ಟಾ ಹುಳಿ, ಅಂದಕ್ಕೆ ಇಡುವ ಗಿಡ. ನರ್ಸರಿಯಲ್ಲಿ ಕುಂಡದ ತುಂಬ ಹಣ್ಣು ಬಿಟ್ಟುಕೊಂಡು ನಿಂತಿರುವ ‘ಆರೆಂಜ್’ ಬಹುಪಾಲು ಅದೇ. ನಾನೂ ಒಮ್ಮೆ ಮೋಸ ಹೋಗಿದ್ದೇನೆ, ಹೇಳಿಕೊಂಡಿರಲಿಲ್ಲ ಅಷ್ಟೇ. ಎಸೆಯಬೇಡಿ. ಶರಬತ್ತಿಗೆ ಒಳ್ಳೆಯದು.

ಬೋಗಾದಿ_ಹಿತ್ತಲು, ಜನವರಿ 13

ಸಿದ್ದಾಪುರದವರೇ, ನೀವು ಹೇಳಿದ ಹಾಗೇ ಮಾಡಿದೆ. ನಮ್ಮ ಯಜಮಾನರ ಕಣ್ಣು ಮುಚ್ಚಿಸಿ ಮೂಸಿಸಿದೆ. ಹಳದಿ ಕೊಂಬೆಯದ್ದು ‘ಕಿತ್ತಳೆ ಸಿಪ್ಪೆ’ ಅಂದರು. ಹಣ್ಣು ಬಿಟ್ಟ ಕೊಂಬೆಯದ್ದು ‘ನಿಂಬೆ’ ಅಂದರು. ಎರಡು ಸಲ ಮಾಡಿಸಿದೆ, ಎರಡು ಸಲವೂ ಅದೇ!

ಮೊಗ್ಗು ಹಣ್ಣಿನ ಕಡೆಯೇ ಐದಾರು ಇವೆ. ಬಿಳಿ ಅಂದುಕೊಂಡಿದ್ದೆ. ಹತ್ತಿರ ಹೋಗಿ ನೋಡಿದರೆ ಹೊರಗಡೆ ನೇರಳೆ ಛಾಯೆ, ಬದನೆ ಹೂವಿನ ಬಣ್ಣ ತೊಳೆದ ಹಾಗೆ. ಹೊಸ ಚಿಗುರೂ ಸ್ವಲ್ಪ ನೇರಳೆ. ಮುಳ್ಳೂ ಜಾಸ್ತಿ.

ಕಸಿ ಗಂಟು ಮಾತ್ರ ಎಲ್ಲೂ ಕಾಣಲಿಲ್ಲ.

ನೀರು ಬೋರ್‌ವೆಲ್. ಜೊತೆಗೆ ಅಡುಗೆಮನೆಯ ಆರ್‌ಒ ಯಂತ್ರ ಹೊರಗೆ ಬಿಡುವ ನೀರು ಸುಮ್ನೆ ಚರಂಡಿಗೆ ಹೋಗುತ್ತದಲ್ಲ ಅಂತ ಬಕೆಟ್ಟಿಗೆ ಹಿಡಿದು ಈ ಗಿಡಕ್ಕೇ ಹಾಕುತ್ತೇನೆ.

ಕಾಫಿತೋಟ_ಸಿದ್ದಾಪುರ, ಜನವರಿ 13

ಅನುಮಾನ ನಿಜವಾಯಿತು. ನಿಮ್ಮ ಹಿತ್ತಲಲ್ಲಿ ಒಂದೇ ಬುಡದಲ್ಲಿ ಎರಡು ಮರ ಇವೆ.

ಕಸಿ ಮಾಡುವಾಗ ಕೆಳಗಿನ ಬೇರುಸಸಿ ಒಂದು ಜಾತಿ, ಮೇಲಿನ ಕುಡಿ ಇನ್ನೊಂದು. ನಮ್ಮ ಕೊಡಗಿನ ಕಡೆ ಕಿತ್ತಳೆಗೆ ರಂಗಪುರ ನಿಂಬೆಯ ಬೇರು ಕೊಡುವುದು ಮಾಮೂಲಿ. ಗಟ್ಟಿ ಗಿಡ, ಬರ ತಡೆಯುತ್ತದೆ. ರಂಗಪುರ ನಿಂಬೆ ನೋಡೋಕೆ ಥೇಟ್ ಸಣ್ಣ ಕಿತ್ತಳೆ. ಬಣ್ಣವೂ ಅದೇ, ಸಿಪ್ಪೆಯೂ ಸಡಿಲ. ರಸ ಮಾತ್ರ ನಿಂಬೆ. ಕಿತ್ತಳೆ ಹೂ ಅಚ್ಚ ಬಿಳಿ. ಇದರ ಮೊಗ್ಗಿಗೆ ನೇರಳೆ ಛಾಯೆ ಇರುತ್ತದೆ. ಹಾಗಾಗಿಯೇ ಮೊಗ್ಗು ಕೇಳಿದ್ದು.

ಗಂಟಿನ ಕೆಳಗಿನಿಂದ ಚಿಗುರು ಬಂದಾಗ ಉಗುರಲ್ಲೇ ಚಿವುಟಿ ಹಾಕಬೇಕು. ಕಾಫಿಯಲ್ಲಿ ನಾವು ಕಂಬಚಿಗುರು ತೆಗೆಯುತ್ತೇವಲ್ಲ, ಹಾಗೆ. ನೀವು ನೋಡದೇ ಇದ್ದ ಎರಡು ಮೂರು ವರ್ಷದಲ್ಲಿ ಅದೇ ಮರವಾಗಿಬಿಟ್ಟಿದೆ. ಬೇರು ತನ್ನ ಮಗುವಿಗೇ ಮೊದಲು ಉಣಿಸುತ್ತದೆ. ದತ್ತು ಬಂದದ್ದಕ್ಕೆ ಮಿಕ್ಕಿದ್ದು. ಆ ಹಳದಿ ಕೊಂಬೆ ಇದೆಯಲ್ಲ, ಮಾವನವರು ತಂದ ಕಿತ್ತಳೆ ಅದು. ಉಳಿದಿರುವುದು ಅಷ್ಟೇ.

ಗಂಟು ಕಾಣಲ್ಲ ಅಂದರೆ ಮಣ್ಣಿನಲ್ಲಿ ಹೂತುಹೋಗಿದೆ ಅಂತ ಅರ್ಥ. ಆ ಚೆಂದದ ಕಟ್ಟೆ ಯಾವಾಗ ಕಟ್ಟಿಸಿದ್ದು?

ಆರ್‌ಒ ಬಿಡುವ ನೀರು ಇವತ್ತೇ ನಿಲ್ಲಿಸಿ. ಒಳ್ಳೆ ನೀರು ನಿಮಗೆ ಕೊಟ್ಟು, ಉಪ್ಪನ್ನೆಲ್ಲ ಆ ನೀರಿನಲ್ಲಿ ಹೊರಗೆ ತಳ್ಳುತ್ತದೆ. ಬೋರ್‌ವೆಲ್ ನೀರಿಗಿಂತಲೂ ಗಡಸು. ನಿಂಬೆ ಜಾತಿಗೆ ಉಪ್ಪು ಆಗಿಬರುವುದಿಲ್ಲ. ಎಲೆ ತುದಿ ಸುಡುವುದಕ್ಕೆ ಅದು ಸಾಕು. ನೆಲ ಒರೆಸಲು, ಬಚ್ಚಲು ತೊಳೆಯಲು ಬಳಸಿ.

ಬೋಗಾದಿ_ಹಿತ್ತಲು, ಜನವರಿ 13

ಕಟ್ಟೆ ಗಾರೆ ಕೆಲಸದ ಸಮಯದಲ್ಲೇ ಕಟ್ಟಿದ್ದು. ಇಟ್ಟಿಗೆ ಮಿಕ್ಕಿತ್ತು. ಮೇಸ್ತ್ರಿ ಒಂದೂವರೆ ಅಡಿ ಎತ್ತರ ಕಟ್ಟಿ ಒಳಗೆ ಮಣ್ಣು ತುಂಬಿಸಿಕೊಟ್ಟರು. ಕೂತುಕೊಳ್ಳೋಕೂ ಆಗುತ್ತದೆ ಅಂತ ಖುಷಿ ಪಟ್ಟಿದ್ದೆವು.

ನಲವತ್ತು ಹಣ್ಣು ಬಿಟ್ಟಿದೆ ಅಂತ ಅಕ್ಕಪಕ್ಕ ಎಲ್ಲ ಹೇಳಿಕೊಂಡು ಬಂದಿದ್ದೆ. ಈಗ ಏನು ಹೇಳೋದು?

ನಿಂಬೆನಾಡು_ಇಂಡಿ, ಜನವರಿ 14

ಇಂಡಿ ತಾಲ್ಲೂಕಿನವನು ನಾನು. ನಮ್ಮದು ನಿಂಬೆ ತೋಟ. ಅಕ್ಕಾರೆ, ಕಟ್ಟೆ ಒಡೆಯಿರಿ. ಬೇರೆ ಮಾತಿಲ್ಲ. ನಿಂಬೆ, ಕಿತ್ತಳೆ, ಮೂಸಂಬಿ ಯಾವುದೇ ಇರಲಿ, ಬುಡದ ತೊಗಟೆಗೆ ಮಣ್ಣು ತಾಗಿ ದಿನಾ ತೇವ ಇದ್ದರೆ ಕೊಳೆಯುತ್ತದೆ. ಗೋಂದು ಸುರಿಸುತ್ತದೆ. ಮಣ್ಣು ಬಿಡಿಸುವಾಗ ಸಲಿಕೆ ಬೇಡ, ತೊಗಟೆಗೆ ಗಾಯ ಆಗುತ್ತದೆ. ಗಾರೆ ಕರಣೆ, ಇಲ್ಲಾ ಅಡುಗೆಮನೆಯ ಹಳೆ ಸೌಟು.

ಬೋಗಾದಿ_ಹಿತ್ತಲು, ಜನವರಿ 18

ಭಾನುವಾರ ಆಯಿತು ಶಾಸ್ತ್ರ. ಬೆಳಿಗ್ಗೆ ತಿಂಡಿ ತಿಂದು ಇವರು ಸುತ್ತಿಗೆ ಹಿಡಿದರು, ನಾನು ಸಾರಿನ ಸೌಟು ಹಿಡಿದೆ. ಕಟ್ಟೆಯ ಒಂದು ಮಗ್ಗುಲು ಒಡೆದು ಮಣ್ಣು ಕೆದಕುತ್ತಾ ಹೋದೆವು. ಒಂದು ಗೇಣು ಇಳಿದ ಮೇಲೆ ಕಾಂಡ ಕವಲಾಗಿದ್ದು ಕಂಡಿತು. ದಪ್ಪ ಕವಲು, ನನ್ನ ತೋಳಿಗಿಂತ ದಪ್ಪ, ನೆಟ್ಟಗೆ ಮೇಲಕ್ಕೆ ಹೋಗಿದೆ. ನಿಂಬೆ. ಪಕ್ಕದಲ್ಲಿ ಸ್ವಲ್ಪ ಸೊಟ್ಟಗೆ ನಿಂತಿದ್ದು ಸಣ್ಣದು. ಅದರ ಬುಡದಲ್ಲಿ ಮೊಣಕೈ ಹಾಗೆ ಉಬ್ಬಿದ ಗಂಟು. ಅದೇ ಕಸಿ ಗಂಟು. ಕಸಿ ಕಟ್ಟಿದ್ದ ಪ್ಲಾಸ್ಟಿಕ್ ಪಟ್ಟಿಯ ಒಂದು ಚೂರು ಇನ್ನೂ ತೊಗಟೆಯಲ್ಲಿ ಕಚ್ಚಿಕೊಂಡಿತ್ತು.

ಇಂಡಿಯವರು ಹೇಳಿದ ಗೋಂದೂ ಸಿಕ್ಕಿತು. ಗಂಟಿನ ಮೇಲೆ ಅಂಗೈ ಅಗಲ ತೊಗಟೆ ಕಪ್ಪಾಗಿ ಮೆತ್ತಗಾಗಿದೆ. ಜೇನಿನ ಬಣ್ಣದ ಅಂಟು ಹನಿಹನಿಯಾಗಿ ಗಟ್ಟಿಯಾಗಿ ನಿಂತಿದೆ. ಉಗುರು ಒತ್ತಿದರೆ ತೊಗಟೆ ಸಿಪ್ಪೆ ಸಿಪ್ಪೆಯಾಗಿ ಬಂತು, ಹುಳಿ ಹುಳಿ ವಾಸನೆ. ಸುತ್ತಳತೆಯಲ್ಲಿ ಸುಮಾರು ಮೂರನೇ ಒಂದು ಭಾಗ ಹೋಗಿದೆ.

ಇವರು ಮಾತಾಡಲಿಲ್ಲ. ಸ್ವಲ್ಪ ಹೊತ್ತು ಒಡೆದ ಕಟ್ಟೆ ಮೇಲೇ ಕೂತರು.

ನಿಂಬೆನಾಡು_ಇಂಡಿ, ಜನವರಿ 18

ಮೂರನೇ ಒಂದು ಭಾಗ ಹೋದರೆ ಗಿಡ ಉಳಿಯುತ್ತದೆ, ಹೆದರಬೇಡಿ. ಪೂರ್ತಿ ಸುತ್ತು ಬಂದರೆ ಕೈ ಬಿಡಬೇಕು.

ಚೂಪಾದ ಚಾಕುವಿನಿಂದ ಕೊಳೆತ ತೊಗಟೆ ಪೂರ್ತಿ ಕೆರೆಯಿರಿ. ಹಸಿ ತೊಗಟೆ ಸಿಗುವವರೆಗೆ. ಕೆರೆದದ್ದನ್ನು ಅಲ್ಲೇ ಬಿಡದೆ ಆರಿಸಿ ದೂರ ಹಾಕಿ. ಒಂದು ದಿನ ಗಾಳಿಗೆ ಬಿಡಿ. ಆಮೇಲೆ ಬೋರ್ಡೋ ಪೇಸ್ಟ್ ಬಳಿಯಿರಿ. ಮೈಲುತುತ್ತ (ಕಾಪರ್ ಸಲ್ಫೇಟ್) 100 ಗ್ರಾಂ, ಸುಣ್ಣ 100 ಗ್ರಾಂ, ನೀರು ಒಟ್ಟು 1 ಲೀಟರ್. ಮೈಲುತುತ್ತವನ್ನು ಅರ್ಧ ಲೀಟರಿನಲ್ಲಿ ಕರಗಿಸಿ, ಸುಣ್ಣವನ್ನು ಇನ್ನರ್ಧದಲ್ಲಿ ಬೇರೆ ಕಲಸಿ. ಪ್ಲಾಸ್ಟಿಕ್ ಬಕೆಟ್ಟೇ ಬೇಕು, ಕಬ್ಬಿಣದ ಪಾತ್ರೆ ಮುಟ್ಟಬೇಡಿ. ಎರಡನ್ನೂ ಸೇರಿಸಿ ಕಲಕಿ. ಒಂದು ಕಬ್ಬಿಣದ ಚಾಕು ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಚಾಕು ಮೇಲೆ ಕೆಂಪು ತಾಮ್ರ ಹತ್ತಿದ್ದರೆ ಸುಣ್ಣ ಸಾಲದು ಅಂತ ಲೆಕ್ಕ. ಹತ್ತದಿರುವ ತನಕ ಸುಣ್ಣ ಸೇರಿಸಿ. ಕಲಸಿದ ದಿನವೇ ಬಳಿಯಬೇಕು, ನಾಳೆಗೆ ಇಡಬಾರದು. ಕೈಗೆ ಗ್ಲೌಸ್ ಹಾಕಿಕೊಳ್ಳಿ.

ಗಂಟಿನ ಕೆಳಗಿನಿಂದ ಎರಡು ಅಡಿ ಮೇಲಿನವರೆಗೂ ಬಳಿಯಿರಿ. ಮಳೆಗಾಲಕ್ಕೆ ಮುಂಚೆ ಇನ್ನೊಂದು ಸಲ.

ಮತ್ತೆ ನೀರು ದಿನಾ ಬೇಡ. ಕಾಂಡದಿಂದ ಎರಡು ಅಡಿ ದೂರದಲ್ಲಿ ಉಂಗುರದ ಹಾಗೆ ಪಾತಿ ಮಾಡಿ ಅದರಲ್ಲಿ ನಿಲ್ಲಿಸಿ. ಬೇರಿನ ಬಾಯಿ ಹೊರಗಡೆ ಇರುತ್ತದೆ, ಬುಡದಲ್ಲಿ ಇರುವುದಿಲ್ಲ. ಬೆರಳು ಮಣ್ಣಿಗೆ ಚುಚ್ಚಿ, ಎರಡು ಗೆಣ್ಣು ಒಣಗಿದ್ದರೆ ನೀರು. ಇಲ್ಲಾ ಅಂದರೆ ಸುಮ್ಮನಿರಿ.

ಮಹಡಿ_ಮೇಷ್ಟ್ರು, ಜನವರಿ 19

ನಾನು ಬಾಳೆ ಸಿಪ್ಪೆ ಅಂದಿದ್ದೆ. ತಪ್ಪು ಮದ್ದು ಹೇಳಿದ್ದೆ ಅಂತ ಒಪ್ಪುತ್ತೇನೆ. ಆದರೆ ಮೊಳೆ ವಿಷಯದಲ್ಲಿ ಬಿಡಲ್ಲ. ಹಳದಿ ಎಲೆಗೆ ಕಬ್ಬಿಣ ಬೇಕು ತಾನೇ?

ಕಾಫಿತೋಟ_ಸಿದ್ದಾಪುರ, ಜನವರಿ 19

ಬೇಕು ಮೇಷ್ಟ್ರೇ, ಆದರೆ ಗಿಡ ಮೊಳೆ ಕಚ್ಚಿ ತಿನ್ನುವುದಿಲ್ಲವಲ್ಲ. ಕೆಂಪು ಮಣ್ಣಿನ ಬಣ್ಣವೇ ಕಬ್ಬಿಣದ್ದು. ಅಲ್ಲಿ ಕಬ್ಬಿಣಕ್ಕೇನು ಬರ? ಗಡಸು ನೀರು ಬಿದ್ದೂ ಬಿದ್ದೂ ಮಣ್ಣು ಕ್ಷಾರ ಆಗಿದೆ. ಆಗ ಕಬ್ಬಿಣ, ಸತು ಎರಡೂ ಮಣ್ಣಲ್ಲೇ ಕಚ್ಚಿಕೊಂಡು ಬೇರಿಗೆ ಸಿಗುವುದಿಲ್ಲ. ಎಷ್ಟು ಮೊಳೆ ಹೂತರೂ ಅದೇ ಕತೆ. ಎಲೆ ಮೇಲೆ ಸಿಂಪಡಿಸಿದರೆ ಬೇಗ ಸಿಗುತ್ತದೆ. ಒಂದು ಲೀಟರ್ ನೀರಿಗೆ ಜಿಂಕ್ ಸಲ್ಫೇಟ್ 5 ಗ್ರಾಂ, ಸುಣ್ಣ ಎರಡೂವರೆ ಗ್ರಾಂ, ಹೊಸ ಚಿಗುರು ಬಲಿಯುವ ಮುಂಚೆ. ತೂಕ ಹಾಕುವ ರಗಳೆ ಬೇಡ ಅಂದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಸಿಟ್ರಸ್ ಸ್ಪೆಷಲ್’ ಪುಡಿ ಸಿಗುತ್ತದೆ. ಪ್ಯಾಕೆಟ್ ಮೇಲೆ ಇರುವ ಪ್ರಮಾಣದಲ್ಲೇ ಹಾಕಿ. ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದಾಗಲ್ಲ.

ಬೋಗಾದಿ ಅಕ್ಕ, ಮರ ಕಡಿಯುವ ಮುಂಚೆ ಒಂದು ಪರೀಕ್ಷೆ ಬಾಕಿ ಇದೆ. ಕಿತ್ತಳೆಗೆ ಗ್ರೀನಿಂಗ್ ಅಂತ ಒಂದು ರೋಗ ಬರುತ್ತದೆ. ಅದು ಬಂದಿದ್ದರೆ ಈ ಪಾಡೆಲ್ಲ ದಂಡ. ಹಳದಿ ಎಲೆ ಒಂದನ್ನು ಕಿತ್ತು, ನಡುವಿನ ನರದ ಎಡಗಡೆ ಪೆನ್ನಿನಲ್ಲಿ ಒಂದು ಸುತ್ತು ಹಾಕಿ. ಬಲಗಡೆ ಸರಿಯಾಗಿ ಅದೇ ಜಾಗದಲ್ಲಿ ಇನ್ನೊಂದು ಸುತ್ತು. ಎರಡರೊಳಗೂ ಹಳದಿ ಹಸಿರು ಒಂದೇ ಥರ ಇದ್ದರೆ ಪೋಷಕಾಂಶದ ಕೊರತೆ. ಒಂದು ಕಡೆ ಹಳದಿ, ಇನ್ನೊಂದು ಕಡೆ ಹಸಿರು, ಅಡ್ಡಾದಿಡ್ಡಿ ಮಚ್ಚೆ ಇದ್ದರೆ ಗ್ರೀನಿಂಗ್ ಅನುಮಾನ. ಹತ್ತು ಎಲೆಗಾದರೂ ಮಾಡಿ.

ಈ ರೋಗ ನಮ್ಮ ಕೊಡಗಿನ ಕಿತ್ತಳೆಯನ್ನು ಹೇಗೆ ತಿಂದುಹಾಕಿತು ಅಂತ ಕಣ್ಣಾರೆ ನೋಡಿದ್ದೇನೆ. ನಮ್ಮ ಅಜ್ಜನ ಕಾಲದಲ್ಲಿ ಕಾಫಿ ಸಾಲಿನ ನಡುವೆ ಕಿತ್ತಳೆ ಇಲ್ಲದ ತೋಟವೇ ಇರಲಿಲ್ಲ. ಡಿಸೆಂಬರಿನಲ್ಲಿ ಮನೆಯ ಅಟ್ಟದ ತುಂಬ ಹಣ್ಣು. ಈಗ ಆ ಜಾಗದಲ್ಲೆಲ್ಲ ಮೆಣಸಿನ ಬಳ್ಳಿ. ಗ್ರೀನಿಂಗ್ ಒಂದೇ ಅಲ್ಲ, ಬೇರು ಕೊಳೆ ರೋಗವೂ ಸೇರಿಕೊಂಡಿತು, ಮೆಣಸಿಗೆ ಬೆಲೆ ಬಂದಾಗ ಕಿತ್ತಳೆಯನ್ನು ಯಾರೂ ಮೂಸಲಿಲ್ಲ. ಕೊಡಗಿನ ಕಿತ್ತಳೆಗೆ ಜಿಐ ಗುರುತು, ಅಂದರೆ ಇದು ಈ ನೆಲದ ವಿಶೇಷ ಅನ್ನುವ ಸರ್ಕಾರಿ ಗುರುತು ಇದೆ. ಗುರುತು ಇದೆ, ಹಣ್ಣು ಕಮ್ಮಿ.

ಸ್ಯಾನ್‌ಹೊಸೆ_ಹಿತ್ತಲು, ಜನವರಿ 20

ಕ್ಯಾಲಿಫೋರ್ನಿಯಾದಿಂದ ನಮಸ್ಕಾರ. ಗ್ರೀನಿಂಗ್ ಹೆಸರು ಕೇಳಿ ಬರೆಯುತ್ತಿದ್ದೇನೆ. ಇಲ್ಲೂ ಅದೇ ಭಯ. ರೋಗ ಹರಡುವುದು ಸಿಲಿಡ್ ಅಂತ ಎಳ್ಳು ಕಾಳಿನಷ್ಟು ಪುಟ್ಟ ಹುಳ. ಬಾಲ ಎತ್ತಿ, ತಲೆ ತಗ್ಗಿಸಿ ಚಿಗುರೆಲೆ ಮೇಲೆ ಓರೆಯಾಗಿ ಕೂರುತ್ತದೆ. ಅದಕ್ಕೆ ಕರಿಬೇವು ಅಂದರೂ ಪ್ರಾಣ. ನಮ್ಮಮ್ಮ ಮೊದಲ ಸಲ ಬಂದಾಗ ಡಬ್ಬಿಯಲ್ಲಿ ಹಸಿ ಕರಿಬೇವು ಕಟ್ಟಿಕೊಂಡು ಬಂದಿದ್ದರು. ವಿಮಾನ ನಿಲ್ದಾಣದಲ್ಲಿ ತೆಗೆದುಹಾಕಿದರು. ‘ಒಗ್ಗರಣೆ ಸೊಪ್ಪಿಗೂ ಪಾಸ್‌ಪೋರ್ಟ್ ಕೇಳ್ತಾರಲ್ಲೋ’ ಅಂತ ವಾರಗಟ್ಟಲೆ ಬೈದುಕೊಂಡರು. ಕಾರಣ ಈ ಹುಳ.

ಇಲ್ಲಿ ರಿವರ್‌ಸೈಡ್ ಅಂತ ಊರು. 1873ರಲ್ಲಿ ಎಲಿಜಾ ಟಿಬೆಟ್ಸ್ ಎಂಬ ಮಹಿಳೆ ಅಲ್ಲಿ ನೇವಲ್ ಕಿತ್ತಳೆಯ ಗಿಡ ನೆಟ್ಟರು. ಅದಕ್ಕೆ ಬೀಜವೇ ಇಲ್ಲ. ಹಾಗಾಗಿ ಕ್ಯಾಲಿಫೋರ್ನಿಯಾದ ನೇವಲ್ ಮರಗಳೆಲ್ಲ ಆ ಮೂಲದಿಂದ ಕಸಿಯ ಮೇಲೆ ಕಸಿ ಕಟ್ಟಿ ಬಂದಂಥವು. ನಮ್ಮ ಹಿತ್ತಲಿನದೂ ಅದೇ ಸಂತಾನ. ಆ ತಾಯಿಮರ ಇನ್ನೂ ಜೀವಂತ ಇದೆ. ಸಿಲಿಡ್ ಬರದಿರಲಿ ಅಂತ ಸೊಳ್ಳೆಪರದೆಯಂಥ ಬಲೆ ಹೊದಿಸಿ ಕಾಪಾಡುತ್ತಿದ್ದಾರೆ.

ನನ್ನ ಮರಕ್ಕೂ ಕೆಳಗಿನಿಂದ ಚಿಗುರು ಬಂದಿತ್ತು. ಆದರೆ ಎಲೆ ಮೂರು ಮೂರು ಬಿಲ್ವದ ಹಾಗೆ ಇತ್ತು, ಇಲ್ಲಿ ಬೇರುಸಸಿ ಬೇರೆ ಜಾತಿ. ಹಾಗಾಗಿ ನಾನು ಬಚಾವ್. ರಂಗಪುರ ನಿಂಬೆಯ ಎಲೆ ನೋಡಿದರೆ ಯಾರಿಗಾದರೂ ಗೊತ್ತಾಗುವುದು ಕಷ್ಟ, ಅಕ್ಕ ಬೇಜಾರು ಮಾಡಿಕೊಳ್ಳಬೇಡಿ.

ಬೋಗಾದಿ_ಹಿತ್ತಲು, ಜನವರಿ 21

ಹನ್ನೆರಡು ಎಲೆಗೆ ಸುತ್ತು ಹಾಕಿದೆವು. ಎಲ್ಲವೂ ಎರಡೂ ಕಡೆ ಒಂದೇ ಥರ. ಉಸಿರು ಬಂತು. ಕರಿಬೇವಿನ ಗಿಡ ಮೂರು ಮಾರು ದೂರದಲ್ಲೇ ಇದೆ, ಅದರ ಮೇಲೂ ಈಗ ಕಣ್ಣು ಇಟ್ಟಿದ್ದೇನೆ.

ಗಾಯ ಕೆರೆದು ಪೇಸ್ಟ್ ಬಳಿದೆವು. ಚಾಕು ಪರೀಕ್ಷೆಯಲ್ಲಿ ಮೊದಲ ಸಲ ನಿಜವಾಗಲೂ ಕೆಂಪು ಹತ್ತಿತು! ಇನ್ನೆರಡು ಚಮಚ ಸುಣ್ಣ ಹಾಕಿದ ಮೇಲೆ ಸರಿಹೋಯಿತು.

ಈಗ ದೊಡ್ಡ ಪ್ರಶ್ನೆ. ನಿಂಬೆ ಕವಲನ್ನು ಪೂರ್ತಿ ಕಡಿದುಬಿಡೋದಾ?

ನಿಂಬೆನಾಡು_ಇಂಡಿ, ಜನವರಿ 21

ಕಡಿಯಿರಿ. ಇವತ್ತೇ. ಗರಗಸ ಹಾಕಿ ಬುಡಕ್ಕೆ.

ಕಾಫಿತೋಟ_ಸಿದ್ದಾಪುರ, ಜನವರಿ 21

ಇಲ್ಲಿ ನಾನು ಇಂಡಿಯವರ ಮಾತು ಒಪ್ಪಲ್ಲ. ಮರದ ಎಲೆಯಲ್ಲಿ ಮುಕ್ಕಾಲು ಪಾಲು ಆ ನಿಂಬೆಯದ್ದೇ. ಅಷ್ಟೂ ಎಲೆ ಒಂದೇ ದಿನ ಹೋದರೆ ಬೇರಿಗೆ ಉಪವಾಸ. ಇತ್ತ ಕಿತ್ತಳೆ ಕೊಂಬೆ ಅರ್ಧ ಜೀವದಲ್ಲಿದೆ, ಅದು ಸಾಕಲಾರದು. ಈಗ ಅರ್ಧ ತೆಗೆಯಿರಿ, ಮುಖ್ಯವಾಗಿ ಕಿತ್ತಳೆಗೆ ನೆರಳು ಮಾಡುವ ಕಡೆ. ಮಿಕ್ಕಿದ್ದು ಮಳೆ ಶುರುವಾಗಿ ಕಿತ್ತಳೆ ಚಿಗುರು ಬಲಿತ ಮೇಲೆ. ಇಷ್ಟು ದಿನ ನೆರಳಲ್ಲಿದ್ದ ತೊಗಟೆಗೆ ಬಿಸಿಲು ಬಿದ್ದರೆ ಸೀಳುತ್ತದೆ. ಅಲ್ಲಿಗೆ ಸುಣ್ಣ ಬಳಿಯಿರಿ.

ಮಹಡಿ_ಮೇಷ್ಟ್ರು, ಜನವರಿ 22

ಕಡಿಯೋದೇ ಯಾಕೆ? ನಿಂಬೆ ಕವಲಿಗೇ ಕೊಡಗಿನ ಕಿತ್ತಳೆಯ ಕಣ್ಣು, ಅಂದರೆ ಕಡ್ಡಿಯಲ್ಲಿ ಚಿಗುರೊಡೆಯುವ ಮೊಗ್ಗು, ಕಸಿ ಮಾಡಿ. ಬೇರು ಗಟ್ಟಿ ಇದೆ, ಮರ ರೆಡಿ ಇದೆ.

ಕಾಫಿತೋಟ_ಸಿದ್ದಾಪುರ, ಜನವರಿ 22

ಇದು ಒಳ್ಳೆ ಮಾತು ಮೇಷ್ಟ್ರೇ. ಒಂದು ಎಳೆಯ ಚಿಗುರು ಅದಕ್ಕೆ ಅಂತ ಉಳಿಸಿಕೊಳ್ಳಬಹುದು. ಪೆನ್ಸಿಲ್ ದಪ್ಪ ಆದಾಗ, ತೊಗಟೆ ಸಲೀಸಾಗಿ ಬಿಡುವ ಕಾಲದಲ್ಲಿ ಮಾಡಬೇಕು. ಆದರೆ ಯಾವುದೋ ಹಳೆ ತೋಟದ ಮರದಿಂದ ಕಡ್ಡಿ ತರಬೇಡಿ. ಗ್ರೀನಿಂಗ್ ಕಸಿಯಲ್ಲೂ ಹರಡುತ್ತದೆ, ಮರ ನೋಡೋಕೆ ಚೆನ್ನಾಗಿದ್ದರೂ ಒಳಗೆ ಇರಬಹುದು. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಂಥ ಕಡೆ ವಿಚಾರಿಸಿ. ಇಲ್ಲಾ ನಿಮ್ಮ ಮಾವನವರ ಕೊಂಬೆಯೇ ಚೇತರಿಸಿಕೊಂಡರೆ ಅದರದ್ದೇ ಕಣ್ಣು ತೆಗೆಯಿರಿ.

ಅಡುಗೆಮನೆ_ಕಿಟಕಿ, ಜನವರಿ 22

ಎಲ್ಲರೂ ಗಿಡದ ಬಗ್ಗೆ ಮಾತಾಡುತ್ತಿದ್ದೀರಿ, ಆ ನಲವತ್ತು ಹಣ್ಣು ಏನಾಯಿತು? ಚಿತ್ರಾನ್ನಕ್ಕೆ ಹಿಂಡಿ ನೋಡಿ, ನಿಂಬೆಗಿಂತ ಘಮ ಜಾಸ್ತಿ. ಮಿಕ್ಕಿದ್ದು ಉಪ್ಪಿನಕಾಯಿ.

ಮುಂದೆ ನಿಜವಾದ ಕಿತ್ತಳೆ ಬಂದಾಗ ಸಿಪ್ಪೆ ಬಿಸಾಕಬೇಡಿ. ಸಣ್ಣಗೆ ಹೆಚ್ಚಿ, ಒಂದು ಕುದಿ ಕುದಿಸಿ ಆ ನೀರು ಚೆಲ್ಲಿ. ಅರ್ಧ ಕಹಿ ಹೋಗುತ್ತದೆ, ಅರ್ಧ ಇರಲಿ. ಸಾಸಿವೆ, ಇಂಗು, ಒಣಮೆಣಸಿನಕಾಯಿ ಒಗ್ಗರಣೆಗೆ ಸಿಪ್ಪೆ ಹಾಕಿ ಬಾಡಿಸಿ. ಹುಣಸೆ ರಸ, ಸಾರಿನ ಪುಡಿ, ಉಪ್ಪು, ಕೈ ಬಿಚ್ಚಿ ಬೆಲ್ಲ. ಎಣ್ಣೆ ಬಿಡುವವರೆಗೆ ಕುದಿಸಿ. ಬಿಸಿ ಅನ್ನಕ್ಕೆ ಈ ಗೊಜ್ಜು ಇದ್ದರೆ ಆ ದಿನ ಹುಳಿ ಮಾಡುವ ಕೆಲಸ ಇಲ್ಲ.

ಹೊಸಗಿಡ_ಹುಬ್ಬಳ್ಳಿ, ಫೆಬ್ರುವರಿ 2

ಮತ್ತೆ ನಾನೇ. ನಾಗಪುರ ಕಿತ್ತಳೆ ತಿಂದು ಆರು ಬೀಜ ಹಾಕಿದ್ದೆ. ಹತ್ತು ಸಸಿ ಬಂದಿವೆ! ನಾನು ಎಣಿಕೆ ತಪ್ಪಿದೆನಾ?

ಕಾಫಿತೋಟ_ಸಿದ್ದಾಪುರ, ಫೆಬ್ರುವರಿ 2

ತಪ್ಪಿಲ್ಲ. ಕಿತ್ತಳೆಯ ಒಂದು ಬೀಜದಲ್ಲಿ ಎರಡು ಮೂರು ಮೊಳಕೆ ಇರುತ್ತವೆ. ಅದರಲ್ಲಿ ಜಾಸ್ತಿ ಪಾಲು ತಾಯಿಮರದ ಪಡಿಯಚ್ಚು. ಹಾಗಾಗಿ ಮಾವಿನ ಹಾಗೆ ಬೀಜದ ಗಿಡ ಅಂದರೆ ಜಾತಿ ಕೆಡುತ್ತದೆ ಅಂತ ಭಯ ಇಲ್ಲ. ತೊಂದರೆ ಏನೆಂದರೆ ಕಾಯಬೇಕು. ಕಸಿ ಗಿಡ ಮೂರು ನಾಲ್ಕು ವರ್ಷಕ್ಕೆ ಫಲ ಕೊಟ್ಟರೆ ಇದು ಏಳೆಂಟು ವರ್ಷ. ಮುಳ್ಳೂ ಜಾಸ್ತಿ. ಬಾಲ್ಕನಿಯಲ್ಲಿ ಎರಡು ಇಟ್ಟುಕೊಳ್ಳಿ, ಮಿಕ್ಕಿದ್ದು ಊರಿಗೆ ಕಳಿಸಿ. ದಿನಕ್ಕೆ ಆರು ತಾಸು ಬಿಸಿಲು ಬೀಳದ ಬಾಲ್ಕನಿಯಾದರೆ ಅದೂ ಬೇಡ.

ಮಹಡಿ_ಮೇಷ್ಟ್ರು, ಫೆಬ್ರುವರಿ 3

ಕುಂಡದ ವಿಷಯ ನನಗೆ ಬಿಡಿ, ಇಲ್ಲಿ ನಾನು ತಪ್ಪಲ್ಲ. ಸಸಿ ಸಣ್ಣದಿರುವಾಗಲೇ ದೊಡ್ಡ ಡ್ರಮ್ಮಿಗೆ ಹಾಕಬೇಡಿ, ನೀರು ನಿಂತು ಬೇರು ಕೊಳೆಯುತ್ತದೆ. ವರ್ಷ ವರ್ಷ ಒಂದು ಸೈಜ್ ದೊಡ್ಡದು ಮಾಡುತ್ತಾ ಹೋಗಿ. ಕೊನೆಗೆ 200 ಲೀಟರ್ ಡ್ರಮ್ ಅಡ್ಡಕ್ಕೆ ಅರ್ಧ ಕತ್ತರಿಸಿದ್ದು ಸಾಕು. ಮಣ್ಣು ಎರಡು ಪಾಲು, ಗೊಬ್ಬರ ಒಂದು, ದಪ್ಪ ಮರಳು ಒಂದು. ತಳದಲ್ಲಿ ತೂತು ದೊಡ್ಡದಿರಲಿ. ಇಟ್ಟಿಗೆ ಮೇಲೆ ಡ್ರಮ್ ಇಡಿ, ಮಹಡಿಗೂ ತೇವ ಹಿಡಿಯಲ್ಲ.

ಬೋಗಾದಿ_ಹಿತ್ತಲು, ಮಾರ್ಚ್ 9

ವರದಿ ಒಪ್ಪಿಸುತ್ತಿದ್ದೇನೆ. ಫೆಬ್ರುವರಿ ಮೊದಲ ವಾರ ಅರ್ಧ ನಿಂಬೆ ಕಡಿದೆವು. ಕಟ್ಟೆ ಪೂರ್ತಿ ಹೋಯಿತು. ಆರ್‌ಒ ನೀರು ಬಚ್ಚಲಿಗೆ. ಮಳೆನೀರು ಹಿಡಿದಿದ್ದ ಡ್ರಮ್ಮಿನ ನೀರು ವಾರಕ್ಕೆ ಎರಡು ಸಲ ಕಿತ್ತಳೆಗೆ. ಜಿಂಕ್ ಸಿಂಪಡಿಸಿ ಆಯಿತು. ಬುಡ ಬಿಟ್ಟು ದೂರಕ್ಕೆ ಎರಡು ಬಾಣಲೆ ಗೊಬ್ಬರ, ಒಂದು ಕೆಜಿ ಬೇವಿನ ಹಿಂಡಿ, ಮೇಲೆ ತರಗೆಲೆ ಮುಚ್ಚಿಗೆ.

ಹಳದಿ ಕೊಂಬೆಯಲ್ಲಿ ಹೊಸ ಚಿಗುರು ಬಂದಿದೆ. ಹಸಿರು! ಆದರೆ ನಿನ್ನೆಯಿಂದ ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಏನೋ ಇದೆ. ಒರೆಸಲು ಹೋದರೆ ಅದು ತಲೆ ಎತ್ತಿ ಕೆಂಪು ಕೊಂಬು ಹೊರಗೆ ಹಾಕಿತು. ಕಿರುಚಿಬಿಟ್ಟೆ.

ನಿಂಬೆನಾಡು_ಇಂಡಿ, ಮಾರ್ಚ್ 9

ನಿಂಬೆ ಚಿಟ್ಟೆಯ ಹುಳ. ಕರಿಬೇವಿನಲ್ಲೂ ಅದೇ ಇರುತ್ತದೆ. ಚಿಕ್ಕದಿದ್ದಾಗ ಹಿಕ್ಕೆಯ ವೇಷ, ದೊಡ್ಡದಾದಾಗ ಹಸಿರು ವೇಷ. ಒಂದೇ ಮರಕ್ಕೆ ಔಷಧಿ ಯಾಕೆ, ಕೈಯಲ್ಲಿ ಆರಿಸಿ. ಎಲೆಯಲ್ಲಿ ಹಾವು ಹರಿದ ಹಾಗೆ ಬೆಳ್ಳಿ ಗೆರೆ ಕಂಡರೆ ಅದು ರಂಗೋಲಿ ಹುಳ. ಅದಕ್ಕೆ ಬೇವಿನ ಎಣ್ಣೆ 5 ಮಿಲಿ, ಚೂರು ಸೋಪು, ಒಂದು ಲೀಟರ್ ನೀರು. ಸಂಜೆ ಹೊಡೆಯಿರಿ.

ಬೋಗಾದಿ_ಹಿತ್ತಲು, ಮಾರ್ಚ್ 10

ಹದಿಮೂರು ಸಿಕ್ಕವು. ಕೊಲ್ಲೋಕೆ ಮನಸ್ಸಾಗಲಿಲ್ಲ. ಕಡಿದುಹಾಕಬೇಕಾದ ನಿಂಬೆ ಕವಲಿಗೇ ಸಾಗಿಸಿದೆ, ತಿಂದುಕೊಳ್ಳಲಿ.

ಬೋಗಾದಿ_ಹಿತ್ತಲು, ಏಪ್ರಿಲ್ 28

ಹೋದ ವಾರ ಒಳ್ಳೆ ಮಳೆ ಬಂತು. ಈವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ವಾಸನೆ. ಮಾವನವರ ಕೊಂಬೆಯಲ್ಲಿ ಹೂ. ಅಚ್ಚ ಬಿಳಿ. ಹತ್ತಿರ ಹೋಗಿ, ಕನ್ನಡಕ ಹಾಕಿಕೊಂಡು, ಪ್ರತಿ ಮೊಗ್ಗು ತಿರುಗಿಸಿ ನೋಡಿದೆ. ನೇರಳೆ ಎಲ್ಲೂ ಇಲ್ಲ.

ಕಾಫಿತೋಟ_ಸಿದ್ದಾಪುರ, ಏಪ್ರಿಲ್ 28

ನಮ್ಮಲ್ಲೂ ಹೂಮಳೆ ಆಯಿತು. ಬೇಸಿಗೆ ಒಣಗಿಸಿ ಒಂದು ಮಳೆ ಹೊಡೆದರೆ ಕಾಫಿ, ಕಿತ್ತಳೆ ಎರಡೂ ಎದ್ದು ನಿಲ್ಲುತ್ತವೆ. ಹೂವೆಲ್ಲ ಕಾಯಿ ಆಗಲ್ಲ, ಮೊದಲೇ ಹೇಳಿರುತ್ತೇನೆ. ಬಟಾಣಿ ಗಾತ್ರದಲ್ಲಿ ಜಾಸ್ತಿ ಉದುರುತ್ತವೆ. ಮರಕ್ಕೆ ಸಾಕಲು ಆಗುವಷ್ಟನ್ನೇ ಉಳಿಸಿಕೊಳ್ಳುತ್ತದೆ. ಆಗ ಗಾಬರಿಯಾಗಿ ನೀರು, ಗೊಬ್ಬರ ಸುರಿಯಬೇಡಿ.

ಬೋಗಾದಿ_ಹಿತ್ತಲು, ಜುಲೈ 15

ಇಪ್ಪತ್ತಮೂರು ಕಾಯಿ ಇದ್ದವು. ಹದಿನೆಂಟು ಉದುರಿದವು. ಗಾಬರಿ ಆಗಲಿಲ್ಲ ಅಂತ ಸುಳ್ಳು ಹೇಳಲ್ಲ. ಆದರೆ ಏನೂ ಸುರಿಯಲಿಲ್ಲ.

ಮಿಕ್ಕ ನಿಂಬೆಯನ್ನೂ ತೆಗೆದೆವು, ಒಂದು ಚಿಗುರು ಬಿಟ್ಟು. ಗಾಯದ ಅಂಚಿನಲ್ಲಿ ಹೊಸ ತೊಗಟೆ ಬಳೆಯ ಹಾಗೆ ಉರುಟಾಗಿ ಬರುತ್ತಿದೆ.

ಬೋಗಾದಿ_ಹಿತ್ತಲು, ಡಿಸೆಂಬರ್ 14

ಐದರಲ್ಲಿ ಒಂದನ್ನು ಅಳಿಲು ತಿಂದಿತು. ನಾಲ್ಕು ಉಳಿದಿವೆ. ಇನ್ನೂ ಹಸಿರು ಹಸಿರಾಗಿವೆ. ಪೂರ್ತಿ ಬಣ್ಣ ಬರುವವರೆಗೆ ಕಾಯಬೇಕಾ?

ಕಾಫಿತೋಟ_ಸಿದ್ದಾಪುರ, ಡಿಸೆಂಬರ್ 14

ಬಣ್ಣ ನಂಬಬೇಡಿ. ರಾತ್ರಿ ಚಳಿ ಚೆನ್ನಾಗಿ ಬಿದ್ದರೆ ಮಾತ್ರ ಸಿಪ್ಪೆಗೆ ಬಣ್ಣ. ಮೈಸೂರಿನ ಚಳಿಗೆ ಒಳಗೆ ಹಣ್ಣಾದರೂ ಹೊರಗೆ ಹಸಿರು ಉಳಿಯಬಹುದು. ಒತ್ತಿದರೆ ಸಿಪ್ಪೆ ಸ್ವಲ್ಪ ಸಡಿಲ ಅನ್ನಿಸುತ್ತದಾ? ಹಾಗಿದ್ದರೆ ಒಂದು ಕಿತ್ತು ತಿಂದು ನೋಡಿ. ಎಳೆಯಬೇಡಿ, ತೊಟ್ಟಿನ ಹತ್ತಿರ ಕತ್ತರಿಯಲ್ಲಿ ಕತ್ತರಿಸಿ.

ಬೋಗಾದಿ_ಹಿತ್ತಲು, ಡಿಸೆಂಬರ್ 15

ತಿಂದೆವು. ಇವರು ಸುಲಿದರು. ನಾನು ಮೊದಲ ತೊಳೆ ಬಾಯಿಗಿಟ್ಟುಕೊಂಡೆ, ಎರಡೂ ಕಣ್ಣು ತೆರೆದೇ ಇದ್ದವು! ಸಿಹಿ, ಹಿಂದೆ ಸ್ವಲ್ಪ ಹುಳಿ. ಕೈ ತೊಳೆದರೂ ಸಂಜೆಯವರೆಗೆ ವಾಸನೆ ಹೋಗಲಿಲ್ಲ. ಒಂದು ಹಣ್ಣಿನ ಸಿಪ್ಪೆಗೆ ಗೊಜ್ಜು ಆಗುತ್ತದಾ ಅಂತ ನೋಡಿದೆ, ಎರಡು ಚಮಚ ಆಯಿತು. ಬೀಜ ಹದಿನೇಳು.

ಹೊಸಗಿಡ_ಹುಬ್ಬಳ್ಳಿ, ಡಿಸೆಂಬರ್ 15

ಅಕ್ಕ, ಬೀಜ ಎಸೆದಿಲ್ಲ ಅಲ್ವಾ?